ಆ ಕಡೆಯ ಬ್ರೇಕು

ಸೆಪ್ಟೆಂಬರ್ 9, ಮಂಗಳವಾರ

ಇವರು ಸೂಟ್‌ಕೇಸಿನಲ್ಲಿ ಕನ್ನಡಿ ಇಟ್ಟುಕೊಂಡಿದ್ದಾರೆ. ಮುಖ ನೋಡಿಕೊಳ್ಳುವುದಲ್ಲ. ಕಾರಿನ ಮುಂಗಾಜಿಗೆ ರಬ್ಬರ್ ಬಿಲ್ಲೆಯಿಂದ ಅಂಟಿಸುವಂಥದು. ಡ್ರೈವಿಂಗ್ ಕಲಿಸುವವರು ಪಕ್ಕದ ಸೀಟಿನಲ್ಲಿ ಕೂತು ಹಿಂದಿನ ರಸ್ತೆ ನೋಡಲು ಬಳಸುವಂಥದು. ಅದನ್ನು ನನ್ನ ಸ್ವೆಟರಿನಲ್ಲಿ ಸುತ್ತಿದ್ದಾರೆ, ಮಗುವನ್ನು ಸುತ್ತಿದ ಹಾಗೆ.

"ಅದ್ಯಾಕ್ರೀ? ಅಲ್ಲಿ ಯಾರಿಗೆ ಕಲಿಸ್ತೀರಾ?"

"ಇರ್ಲಿ ಬಿಡು. ರಸ್ತೆ ಹೊಸದು, ಕಾರು ಹೊಸದು. ಒಂದು ಕನ್ನಡಿಯಾದ್ರೂ ಹಳೇದಿರ್ಲಿ."

ಇಪ್ಪತ್ತಾರು ವರ್ಷ ಡ್ರೈವಿಂಗ್ ಶಾಲೆ ನಡೆಸಿದ ಮನುಷ್ಯ. ಕಲಿಯುವವರು ಬೆನ್ನ ಹಿಂದೆ 'ಬ್ರೇಕ್ ಸಾರ್' ಎನ್ನುತ್ತಾರೆ. ನಮ್ಮ ಶಾಲೆಯ ಕಾರಿನಲ್ಲಿ ಎರಡೂ ಕಡೆ ಪೆಡಲ್‌ಗಳಿವೆ. ಬಲಗಡೆ ಕಲಿಯುವವರು, ಎಡಗಡೆ ಇವರು. ಇವರ ಕಡೆ ಎರಡೇ: ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕು. ಆಕ್ಸಿಲರೇಟರ್ ಇಲ್ಲ. ಈ ಮನುಷ್ಯನ ಸ್ವಭಾವವನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಾಗಿಲ್ಲ.

ನಾನು ಮುಂದಿನ ಕೋಣೆಯಲ್ಲಿ ರಸ್ತೆ ಚಿಹ್ನೆಗಳ ಪಾಠ ಮಾಡುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಸಾಹಿತ್ಯದಲ್ಲಿ ಎಂ.ಎ., ಅದೂ ಚಿನ್ನದ ಪದಕದೊಂದಿಗೆ. ಕೈಯಲ್ಲಿ ಕೋಲು, ಗೋಡೆಯ ಮೇಲೆ ತ್ರಿಕೋನ, ವೃತ್ತ, ಬಾಣ. ನನಗೂ ಒಂದು ಬಿರುದಿದೆ: 'ಬೋರ್ಡ್ ಮೇಡಂ'. ಈ ಡೈರಿಯೂ ನಮ್ಮ ಶಾಲೆಯದೇ. ಪ್ರತಿ ಪುಟದ ಕೆಳಗೆ ಒಂದೊಂದು ಸುರಕ್ಷತಾ ಸೂಚನೆ ಅಚ್ಚಾಗಿದೆ. ಅವನ್ನೆಲ್ಲ ಬರೆದವಳು ನಾನು. ಕವಿತೆ ಓದುತ್ತ ಮೂವತ್ತು ವರ್ಷ ಕಳೆದವಳ ಏಕೈಕ ಪ್ರಕಟಿತ ಕೃತಿ ಇದು.

ಪ್ರವಾಸ ಒಬ್ಬ ಹಳೆಯ ಶಿಷ್ಯನ ಉಡುಗೊರೆ. ಮೂರು ಸಲ ಪರೀಕ್ಷೆಯಲ್ಲಿ ಫೇಲಾದವನು, ಈಗ ಟ್ರಾವೆಲ್ಸ್ ಮಾಲೀಕ. "ಸಾರ್, ನೀವಿಬ್ರೂ ಪರದೇಶದಲ್ಲಿ ಕಾರು ಓಡಿಸ್ಕೊಂಡು ಸಮುದ್ರ ನೋಡ್ಕೊಂಡು ಬನ್ನಿ" ಎಂದು ಕಾರು, ಕೋಣೆ ಎಲ್ಲ ಗೊತ್ತು ಮಾಡಿಕೊಟ್ಟಿದ್ದಾನೆ. ಗುರುವಾರ ಹೊರಟರೆ ಭಾನುವಾರ ಕಡಲ ಊರು. ಆರುನೂರ ನಲವತ್ತು ಕಿಲೋಮೀಟರ್.

ನನಗೆ ಈ ಪ್ರವಾಸ ಬೇರೆ ಕಾರಣಕ್ಕೆ ಬೇಕು. ಕೈಚೀಲದ ಒಳಜೇಬಿನಲ್ಲಿ ಒಂದು ಕಾಗದವಿದೆ. ಹಳೆಯ ಹಸ್ತಪ್ರತಿಗಳ ಒಂದು ಸಂಸ್ಥೆ, ಮರೆತುಹೋದ ಕವಯಿತ್ರಿಯರ ಪದ್ಯಗಳನ್ನು ಹುಡುಕಿ ಸಂಪಾದಿಸಲು ನನ್ನನ್ನು ಕರೆದಿದೆ. ಎರಡು ವರ್ಷ, ಅಲ್ಲೇ ವಾಸ. ನಮ್ಮ ಊರಿಂದ ಹನ್ನೊಂದು ಗಂಟೆಯ ದಾರಿ. ಹದಿನೇಳನೇ ತಾರೀಖಿನೊಳಗೆ ಒಪ್ಪಿಗೆ ತಿಳಿಸಬೇಕು. ಮಗಳಿಗೆ ಮಾತ್ರ ಗೊತ್ತು.

ಸಮುದ್ರದ ಎದುರು ನಿಂತು ಹೇಳುತ್ತೇನೆ. ಅಷ್ಟು ದೊಡ್ಡದರ ಎದುರು ಯಾರಾದರೂ ಸಣ್ಣವರಾಗಲೇಬೇಕು. ಬೇಡ ಎನ್ನುತ್ತಾರೆ, ಅದು ಖಚಿತ. ಹನ್ನೆರಡು ವರ್ಷದ ಹಿಂದೆ ಇಂಥದೇ ಒಂದು ಕರೆ ಬಂದಿತ್ತು. ಬೇಡ ಎನ್ನುತ್ತಾರೆಂದು ಗೊತ್ತಿದ್ದುದರಿಂದ ಕೇಳಲೂ ಇಲ್ಲ, ಹರಿದು ಹಾಕಿದೆ. ಹಾಗೆ ಇವರು ನನ್ನನ್ನು ಒಮ್ಮೆ ತಡೆದಿದ್ದಾರೆ. ಎರಡನೇ ಸಲ ಬಿಡುವುದಿಲ್ಲ.

ಕವಿತೆಯ ಪುಸ್ತಕ ಒಂದು, ಶಾಲು ಒಂದು, ಕಾಗದ. ನನ್ನ ಸಾಮಾನು ಇಷ್ಟೇ.

(ಈ ಪುಟದ ಕೆಳಗೆ: ತಿರುಗುವ ಮುನ್ನ ಹಿಂದಿನವರಿಗೆ ತಿಳಿಸಿ. ನನ್ನದೇ ಸಾಲು, ನನಗೇ ಉಪದೇಶ.)


ಸೆಪ್ಟೆಂಬರ್ 11, ಗುರುವಾರ

ಬಾಡಿಗೆ ಕಾರಿನ ಅಂಗಳ. ಬೂದು ಬಣ್ಣದ ಪುಟ್ಟ ಕಾರು. ಇವರು ಬೀಗದ ಕೈ ಇಸಿದುಕೊಂಡು ಗಂಭೀರವಾಗಿ ನಡೆದು, ಬಲಗಡೆಯ ಬಾಗಿಲು ತೆಗೆದು ಕೂತರು. ಎದುರಿಗೆ ಸ್ಟೀರಿಂಗ್ ಇರಲಿಲ್ಲ. ಅದನ್ನೇ ಪರೀಕ್ಷಿಸಲು ಬಂದವರಂತೆ ಮುಂದಿನ ಡ್ರಾಯರ್ ತೆಗೆದು ಮುಚ್ಚಿ ಇಳಿದರು. ನಾನು ಆಕಾಶ ನೋಡಿದೆ. ಇಷ್ಟು ವರ್ಷದ ಸಂಸಾರದಲ್ಲಿ ಕಲಿತ ಸೌಜನ್ಯ.

ಎಡಗಡೆಗೆ ಬಂದು ಕೂತ ಮೇಲೆ ಮುಖ ಅರಳಿತು. "ಇದು ನನ್ನ ಸೀಟು ಕಣೇ! ಇಪ್ಪತ್ತಾರು ವರ್ಷ ಕೂತಿದ್ದು ಈ ಕಡೆಗೇ. ಇವ್ರು ಬುದ್ಧಿವಂತರು, ಸ್ಟೀರಿಂಗ್‌ನ ಮೇಷ್ಟ್ರ ಕಡೆಗೇ ಕೊಟ್ಟಿದ್ದಾರೆ."

ಅಂಗಳದ ಗೇಟಿನ ಬಳಿ ಒಂದು ವ್ಯಾನ್ ಅಡ್ಡ ಬಂತು. ನಿಧಾನವಾಗಿಯೇ ಹೋಗುತ್ತಿದ್ದೆವು. ಇವರು ಬ್ರೇಕ್ ಒತ್ತಿದರು. ಕಾರು ನಿಲ್ಲುವ ಬದಲು ಹಾರಿತು. ಗೇಟಿನ ಪಕ್ಕದ ಪ್ಲಾಸ್ಟಿಕ್ ಪೀಪಾಯಿಗೆ ಡಿಕ್ಕಿ ಹೊಡೆದು ನಿಂತಿತು. ಪೀಪಾಯಿ ಉರುಳಿಕೊಂಡು ಹೋಗಿ ಆಫೀಸಿನ ಬಾಗಿಲು ತಟ್ಟಿತು. ಕೀಲಿ ಕೊಟ್ಟಿದ್ದ ಹುಡುಗಿ ಹೊರಗೆ ಬಂದು ಪೀಪಾಯಿಯನ್ನೂ ನಮ್ಮನ್ನೂ ನೋಡಿದಳು.

"ಬ್ರೇಕೇ ಒತ್ತಿದ್ದು" ಎಂದರು ಇವರು, ಅವಳಿಗಲ್ಲ, ತಮ್ಮ ಬಲಗಾಲಿಗೆ.

ಕಾರಣ ಅರ್ಧ ಗಂಟೆಯ ನಂತರ ತಿಳಿಯಿತು. ಇದು ಕ್ಲಚ್ ಇಲ್ಲದ ಕಾರು. ಎರಡೇ ಪೆಡಲ್: ಎಡಕ್ಕೆ ಬ್ರೇಕು, ಬಲಕ್ಕೆ ಆಕ್ಸಿಲರೇಟರ್. ನಮ್ಮ ಶಾಲೆಯ ಕಾರಿನಲ್ಲಿ ಇವರ ಕಡೆಯ ಎರಡು ಪೆಡಲ್‌ಗಳಲ್ಲಿ ಬಲಗಡೆಯದೇ ಬ್ರೇಕು. ಬೇರೆ ಯಾರಾದರೂ ಆಗಿದ್ದರೆ ಹತ್ತು ನಿಮಿಷದಲ್ಲಿ ಒಗ್ಗಿಕೊಳ್ಳುತ್ತಿದ್ದರು. ಆದರೆ ಎಡಗಡೆ ಕೂತ ಈ ಕಾಲಿಗೆ ಇಪ್ಪತ್ತಾರು ವರ್ಷದಲ್ಲಿ ಒಂದೇ ಕೆಲಸ: ಗಾಬರಿಯಾದರೆ ಬಲಗಡೆಯದನ್ನು ಒತ್ತು. ಒತ್ತಿದರೆ ಈ ಕಾರು ಹಾರುತ್ತದೆ. ಹಾರಿದರೆ ಇನ್ನಷ್ಟು ಗಾಬರಿ.

ಆದ್ದರಿಂದ ಇವರು ಆಕ್ಸಿಲರೇಟರನ್ನೇ ಮುಟ್ಟದೆ ಕಾರನ್ನು ತನ್ನಷ್ಟಕ್ಕೆ ತೆವಳಲು ಬಿಟ್ಟರು. ಒಬ್ಬ ಮುದುಕ ನಾಯಿಯೊಂದಿಗೆ ನಮ್ಮನ್ನು ದಾಟಿ ಹೋದ. ನಾಯಿ ತಿರುಗಿ ನೋಡಿತು.

ನೂರ ಅರವತ್ತು ಕಿಲೋಮೀಟರ್ ಆಗಬೇಕಿತ್ತು. ಮೂವತ್ತೊಂದು ಆಗಿದೆ.


ಸೆಪ್ಟೆಂಬರ್ 12, ಶುಕ್ರವಾರ

ಇವತ್ತು ನಮ್ಮನ್ನು ಪೊಲೀಸರು ಹಿಡಿದರು. ನಿಧಾನವಾಗಿ ಹೋದ ಅಪರಾಧಕ್ಕೆ.

ಪೊಲೀಸ್ ಹೆಂಗಸು ನನ್ನ ವಯಸ್ಸಿನವಳೇ. ನಮ್ಮ ಹಿಂದೆ ಹದಿನೇಳು ವಾಹನ ಸಾಲುಗಟ್ಟಿದ್ದವಂತೆ, ಎಣಿಸಿದ್ದಳು. ಅವಳ ಇಂಗ್ಲಿಷೂ ನಮ್ಮದೂ ಒಂದೇ ಮಟ್ಟದ್ದಾದ್ದರಿಂದ ಮಾತು ಚೆನ್ನಾಗಿ ಅರ್ಥವಾಯಿತು.

"ಆರೋಗ್ಯ ಸರಿ ಇಲ್ವಾ?" ಎಂದು ಇವರನ್ನು ಕೇಳಿದಳು.

"ಆರೋಗ್ಯವಾಗಿದ್ದೀನಿ. ನಾನು ಡ್ರೈವಿಂಗ್ ಟೀಚರ್."

ಅವಳು ಬಗ್ಗಿ ಕಾರಿನೊಳಗೆ ನೋಡಿದಳು. ಆಮೇಲೆ, "ಈ ಗಾಡೀಲಿ ಓಡಿಸೋಕೆ ಬರೋರು ಬೇರೆ ಯಾರಾದ್ರೂ ಇದ್ದಾರಾ?" ಎಂದಳು. ಕಾರಿನಲ್ಲಿ ಇದ್ದವರು ಇಬ್ಬರೇ.

ಇಲ್ಲ ಎನ್ನುತ್ತಾರೆಂದುಕೊಂಡೆ. ಇವರು ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರಿಂದ ನನ್ನ ಲೈಸೆನ್ಸ್, ನನ್ನ ಹೆಸರಿನ ಅಂತರರಾಷ್ಟ್ರೀಯ ಪರ್ಮಿಟ್ ತೆಗೆದು ಅವಳ ಕೈಗಿಟ್ಟರು.

ನನಗೆ ಇಪ್ಪತ್ತೆರಡು ವರ್ಷದಿಂದ ಲೈಸೆನ್ಸ್ ಇದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಅಪಘಾತ ಮಾಡಿಲ್ಲ, ಏಕೆಂದರೆ ಮೂರು ದಿನ ಬಿಟ್ಟರೆ ಓಡಿಸಿಯೇ ಇಲ್ಲ. ಇವರು ಬಿಡಲಿಲ್ಲ. ಮೂರನೇ ದಿನ ದಿಬ್ಬದ ಮೇಲೆ, ಟ್ಯಾಂಕರಿನ ಹಿಂದೆ, ನಾನು ಸರಿಯಾಗಿಯೇ ಹೋಗುತ್ತಿದ್ದಾಗ ತಮ್ಮ ಕಡೆಯ ಬ್ರೇಕು ಒತ್ತಿದರು. ಕಾರು ನಡುರಸ್ತೆಯಲ್ಲಿ ನಿಂತುಹೋಯಿತು. ಜನ ನಕ್ಕರು. ಇಳಿದು ಮನೆಗೆ ನಡೆದೆ. ಅಲ್ಲಿಗೆ ಮುಗಿಯಿತು.

ಪರ್ಮಿಟ್ ಯಾವಾಗ ಮಾಡಿಸಿದಿರಿ ಎಂದರೆ, "ನಂದು ಮಾಡಿಸೋವಾಗ. ಒಂದೇ ಕ್ಯೂ ತಾನೇ" ಎಂದರು.

ಪೊಲೀಸ್ ಹೆಂಗಸು ನಮ್ಮನ್ನು ಒಂದು ಮುಚ್ಚಿದ ಫರ್ನಿಚರ್ ಅಂಗಡಿಯ ವಿಶಾಲ ಪಾರ್ಕಿಂಗಿನವರೆಗೆ ಕರೆದೊಯ್ದು ಬಿಟ್ಟಳು. "ಇಲ್ಲಿ ಕಲ್ತುಕೊಂಡು ಆಮೇಲೆ ಹೊರಡಿ" ಎಂದಳು. ಇದನ್ನು ಇವರಿಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ. ಇಬ್ಬರೂ ತಲೆಯಾಡಿಸಿದೆವು.

ಐದು ಗಂಟೆ ಕಾಲ ಬಿಳಿ ಗೆರೆಗಳ ನಡುವೆ ಸುತ್ತಿದೆ. ಸೂಟ್‌ಕೇಸಿನಿಂದ ಕನ್ನಡಿ ಹೊರಗೆ ಬಂತು. ಇವರು ಬಲಗಡೆ, ಇಷ್ಟು ವರ್ಷ ಶಿಷ್ಯರು ಕೂತ ಕಡೆ ಕೂತು, ಅದನ್ನು ಗಾಜಿಗೆ ಅಂಟಿಸಿಕೊಂಡರು. ನಾನು ಮೇಷ್ಟ್ರ ಸೀಟಿನಲ್ಲಿ.

"ನೀನು ಬೇಗ ಕಲೀತೀಯ" ಎಂದರು ಮಧ್ಯಾಹ್ನ, ಮೆಚ್ಚುಗೆಯಿಂದಲ್ಲ, ರೋಗ ಪತ್ತೆ ಮಾಡಿದ ವೈದ್ಯರ ಹಾಗೆ. "ನಿಂಗೆ ಕೆಟ್ಟ ಅಭ್ಯಾಸ ಒಂದೂ ಇಲ್ಲ. ನಂದು ಬರೀ ಅಭ್ಯಾಸವೇ."

ಇದು ಕೂಡ ಒಂದು ಬಗೆಯ ಹಂಗಿಸುವಿಕೆ ಎಂದು ಬರೆದಿಟ್ಟುಕೊಳ್ಳುತ್ತೇನೆ.


ಸೆಪ್ಟೆಂಬರ್ 13, ಶನಿವಾರ

ಓಡಿಸಿದೆ. ಅರವತ್ತೆಂಟು ಕಿಲೋಮೀಟರ್.

ನನ್ನ ಭುಜಗಳು ಕಿವಿಯ ತನಕ ಏರಿ ಅಲ್ಲೇ ನಿಂತಿವೆ. ಸಾಲುಮರ, ಹೊಲ, ಗಾಳಿಯಂತ್ರ ಎಲ್ಲ ಇದ್ದವಂತೆ, ಇವರು ಹೇಳಿದರು. ನಾನು ಕಂಡದ್ದು ಬಿಳಿ ಗೆರೆ ಮಾತ್ರ.

ಪ್ರತಿ ತಿರುವಿನಲ್ಲೂ ಇವರ ಬಲಗಾಲು ಮುಂದೆ ಹೋಗಿ ನೆಲದ ಚಾಪೆಯನ್ನು ಒತ್ತುತ್ತದೆ. ಅಲ್ಲಿ ಏನೂ ಇಲ್ಲ. ಪೆಡಲ್ ಇರಬೇಕಾದ ಜಾಗದಲ್ಲಿ ರಬ್ಬರ್ ಚಾಪೆ. ಆದರೂ ಒತ್ತುತ್ತಾರೆ. ಬೆಳಿಗ್ಗೆಯಿಂದ ನಲವತ್ತರವರೆಗೆ ಎಣಿಸಿ ಬಿಟ್ಟೆ.

"ಕಾಲು ತೆಗೀರಿ, ನಂಗೆ ಕಾಣ್ತದೆ."

"ನೀನು ನೋಡಬೇಕಾದ್ದು ರಸ್ತೆ, ನನ್ನ ಕಾಲಲ್ಲ."

"ನೀವು ಸುಮ್ಮನಿದ್ರೆ ರಸ್ತೆ ನೋಡ್ತೀನಿ."

"ನಾನೇನಂದೆ? ಬಾಯಿ ಬಿಟ್ಟಿಲ್ಲ."

"ಕಾಲು ಮಾತಾಡ್ತಿದೆಯಲ್ಲ."

ಸಂಜೆ ಮಗಳ ಫೋನು. ಬೇರೆ ಊರಿನ ಆಸ್ಪತ್ರೆಯಲ್ಲಿ ಮುರಿದ ಮೂಳೆಯವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಎಲ್ಲರ ಜೊತೆಗೂ ಹಾಗೇ ಮಾತಾಡುತ್ತಾಳೆ, ನೋವಾದರೂ ಎತ್ತು ಎಂಬಂತೆ.

"ಅಪ್ಪಂಗೆ ಹೇಳಿದ್ಯಾ?"

"ಸಮುದ್ರ ಬರಲಿ."

"ಸಮುದ್ರ ಏನು ಸಾಕ್ಷಿ ಸಹಿ ಹಾಕ್ಬೇಕಾ? ಅಮ್ಮಾ, ಹದಿನೇಳಕ್ಕೆ ಕೊನೆ. ನೀನೀಗ ಎಲ್ಲಿದ್ದೀಯ?"

"ಒಂದು ರೌಂಡ್ ಸರ್ಕಲ್ಲಿನ ಪಕ್ಕ. ಮೂರು ಸುತ್ತು ಹೊಡೆದೆ, ಹೊರಗೆ ಬರೋಕೆ ಆಗ್ಲಿಲ್ಲ."

"ಅಪ್ಪ ಏನಂದ್ರು?"

"ನಾಲ್ಕನೇ ಸುತ್ತಿಗೆ ದಾರಿ ತೋರಿಸಿದ್ರು. ಮೂರು ಸುತ್ತು ಸುಮ್ಮನೆ ಕೂತಿದ್ರು."

"ಅಪ್ಪ? ಸುಮ್ಮನೆ?" ಎಂದು ನಂಬದೆ ಫೋನ್ ಇಟ್ಟಳು.


ಸೆಪ್ಟೆಂಬರ್ 14, ಭಾನುವಾರ

ಇವತ್ತು ಸಮುದ್ರದ ಎದುರಿರಬೇಕಿತ್ತು. ಅರ್ಧ ದಾರಿಯೂ ಆಗಿಲ್ಲ. ಶಿಷ್ಯನಿಗೆ ಫೋನ್ ಮಾಡಿ ಕೋಣೆಗಳನ್ನು ಮುಂದಕ್ಕೆ ಹಾಕಿಸಿದರು. "ಮೇಡಂ ಓಡಿಸ್ತಿದ್ದಾರೆ" ಎಂದರು. ಆ ಕಡೆಯಿಂದ ಏನೋ ನಗೆ ಕೇಳಿಸಿತು. "ನಗಬೇಡ. ನಿನ್ನ ಥರ ಕೈ ಬಿಟ್ಟು ಕಣ್ಣು ಮುಚ್ಕೊಳ್ಳಲ್ಲ" ಎಂದರು.

ಪುಸ್ತಕ ತೆರೆಯಲು ಪುರಸೊತ್ತಾಗಲಿಲ್ಲ.


ಸೆಪ್ಟೆಂಬರ್ 16, ಮಂಗಳವಾರ

ಎರಡು ದಿನದಲ್ಲಿ ಇನ್ನೂರ ಎಂಬತ್ತು. ಲಾರಿಗಳ ನಡುವೆ ಸೇರಿಕೊಳ್ಳುವುದು ಕಷ್ಟವಲ್ಲ. ಅವುಗಳ ವೇಗಕ್ಕೆ ಬಂದು ಸೇರಿಕೊಳ್ಳಬೇಕು, ನಿಂತು ಕಾದರೆ ಯಾರೂ ಜಾಗ ಬಿಡುವುದಿಲ್ಲ. ಇದನ್ನು ಪಾಠದಲ್ಲಿ ಹತ್ತೊಂಬತ್ತು ವರ್ಷ ಹೇಳಿದ್ದೇನೆ. ನಿಜವಂತೆ.

ದಾರಿಯಲ್ಲಿ ಕಂಡ ಒಂದು ಬೋರ್ಡು ನನ್ನ ಗೋಡೆಯ ಮೇಲೆ ಇಲ್ಲ: ಎರಡು ಕಾರು, ಒಂದರ ಕೆಳಗೆ ಪ್ರಶ್ನೆಚಿಹ್ನೆಯಂಥ ಬಾಗು. ಇವರು ಅದೇನೆಂದು ಕೇಳಿದರು. ನನಗೂ ತಿಳಿಯಲಿಲ್ಲ. "ನಿಂಗೂ ಗೊತ್ತಿಲ್ಲದ ಬೋರ್ಡ್ ಇದ್ಯಾ!" ಎಂದು ಮಕ್ಕಳ ಹಾಗೆ ಖುಷಿಪಟ್ಟರು.

ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿದೆವು. ಹಿಂದಿನ ಎಡ ಟೈರಿನಲ್ಲಿ ಕಡಿಮೆಯಿತ್ತು, ಇಪ್ಪತ್ತಾರು. ಅದಕ್ಕೇ ಕಾರು ನಿನ್ನೆಯಿಂದ ಎಡಕ್ಕೆ ಎಳೆಯುತ್ತಿತ್ತು. ನಾನು ಹೇಳಿದ್ದೆ, ಇವರು ರಸ್ತೆ ವಾಲಿದೆ ಎಂದಿದ್ದರು. ಟೈರೆಂದು ಗೊತ್ತಾದ ಮೇಲೆ, "ಕೈಗೇ ಗೊತ್ತಾಯ್ತಾ ನಿಂಗೆ?" ಎಂದು ಎರಡು ಸಲ ಕೇಳಿದರು. ಮುಂದಿನವಕ್ಕೆ ಮೂವತ್ಮೂರು, ಹಿಂದಿನವಕ್ಕೆ ಮೂವತ್ತೊಂದು. ಇವರು ಕುಕ್ಕರುಗಾಲಿನಲ್ಲಿ ಕೂತು ಗಾಳಿ ಹಾಕುತ್ತಿದ್ದಾಗ ಸಂಸ್ಥೆಗೆ ಒಪ್ಪಿಗೆಯೆಂದು ಮೊಬೈಲಿನಿಂದ ಎರಡು ಸಾಲು ಕಳಿಸಿದೆ. ನಾಳೆ ನೆಟ್‌ವರ್ಕ್ ಸಿಗುತ್ತದೋ ಇಲ್ಲವೋ. ಟೈರ್ ಮುಚ್ಚಳ ಒಂದು ಉರುಳಿ ಕಾರಿನಡಿ ಹೋಯಿತು, ನನ್ನ ಕೈ ಚಿಕ್ಕದೆಂದು ನಾನೇ ಬಗ್ಗಿ ತೆಗೆದೆ. ಅಂಗೈ ಕಪ್ಪಾಗಿ ಇನ್ನೂ ಹೋಗಿಲ್ಲ. ಈ ಪುಟದ ಅಂಚಿನಲ್ಲೂ ಒಂದು ಗುರುತು ಬಿದ್ದಿದೆ.

ಮಧ್ಯಾಹ್ನದ ನಂತರ ಕಾರು ನೇರವಾಗಿ ಹೋಯಿತು.


ಸೆಪ್ಟೆಂಬರ್ 17, ಬುಧವಾರ

ಹಾಕಿಕೊಳ್ಳಲು ಬಟ್ಟೆ ಇಲ್ಲದ್ದರಿಂದ ಇವತ್ತು ಪ್ರಯಾಣವಿಲ್ಲ. ನಾಲ್ಕು ದಿನದ ಬಟ್ಟೆ ತಂದಿದ್ದೆವು. ಬೀದಿಯ ಕೊನೆಯಲ್ಲಿ ನಾಣ್ಯ ಹಾಕಿದರೆ ಒಗೆಯುವ ಯಂತ್ರಗಳ ಕೋಣೆ. ಹನ್ನೆರಡು ದುಂಡು ಕಿಟಕಿ, ಒಂದು ಬೆಂಚು. ನಾವಿಬ್ಬರೂ ಬೆಂಚಿನ ಮೇಲೆ ಕೂತು ನಮ್ಮ ಬಟ್ಟೆ ಸುತ್ತುವುದನ್ನು ನೋಡಿದೆವು. ಇವರ ಷರಟಿನ ತೋಳು ನನ್ನ ಶಾಲನ್ನು ಹಿಡಿದುಕೊಳ್ಳುತ್ತಿತ್ತು, ಬಿಡುತ್ತಿತ್ತು.

ಯಾಕೆ ಆ ಮಾತು ತೆಗೆದೆನೋ. ಬಹುಶಃ ಮುಖ ನೋಡದೆ ಪಕ್ಕಪಕ್ಕ ಕೂತಿದ್ದುದಕ್ಕೆ.

"ಆವತ್ತು ನೀವು ಬ್ರೇಕ್ ಹಾಕ್ದೇ ಇದ್ದಿದ್ರೆ ನಾನು ಇಷ್ಟೊತ್ತಿಗೆ ಲಾರಿ ಓಡಿಸ್ತಿದ್ದೆ."

"ಯಾವತ್ತು?"

"ಟ್ಯಾಂಕರ್ ಹಿಂದೆ. ದಿಬ್ಬದ ಮೇಲೆ."

ಯಾವ ಟ್ಯಾಂಕರ್ ಎನ್ನುತ್ತಾರೆಂದುಕೊಂಡೆ. ತಟ್ಟನೆ ಹೇಳಿದರು: "ನಾನೆಲ್ಲಿ ಹಾಕ್ದೆ? ಹಾಕಿದ್ದು ನೀನು."

"ನಾನಾ! ನನ್ನ ಕಾಲಿನ ಕೆಳಗೆ ಪೆಡಲ್ ತಾನಾಗೇ ಇಳೀತು. ನಾನು ಒತ್ತೋಕೆ ಮುಂಚೇನೇ."

"ನನ್ನ ಕಾಲಿನ ಕೆಳಗೂ ಹಾಗೇ ಇಳೀತು. ನಾನು ಒತ್ತೋಕೆ ಮುಂಚೇನೇ."

ಆ ಕಾರಿನಲ್ಲಿ ಎರಡೂ ಕಡೆಯ ಬ್ರೇಕನ್ನು ಒಂದು ತಂತಿ ಜೋಡಿಸುತ್ತದೆ. ಯಾರು ಒತ್ತಿದರೂ ಎರಡೂ ಇಳಿಯುತ್ತವೆ. ಇದು ನಾವಿಬ್ಬರೂ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ವಿಷಯ.

"ಹಾಗಿದ್ರೆ ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಇಳಿದು ಹೋಗ್ಬಿಟ್ಯಲ್ಲ. ನಾನು ಗಾಡಿ ಪಕ್ಕಕ್ಕೆ ಹಾಕಿ ಮನೆಗೆ ಬಂದ್ರೆ ನೀನು ಪುಸ್ತಕ ಹಿಡ್ಕೊಂಡು ಕೂತಿದ್ದೆ. ಆ ಪುಸ್ತಕ ಅಡ್ಡ ಬಂದ್ರೆ ಮಾತಾಡೋಕೆ ನನ್ನ ಕೈಲಿ ಆಗಲ್ಲ."

"ಮತ್ತೆ ಲೈಸೆನ್ಸ್ ಯಾಕೆ ರಿನ್ಯೂ ಮಾಡಿಸ್ತಾ ಬಂದ್ರಿ?"

"ಕೇಳ್ತೀಯ ಅಂತ."

"ನಾನು ಕೇಳ್ಲಿಲ್ಲ."

"ಹ್ಞೂಂ. ಕೇಳ್ಲಿಲ್ಲ."

"ನೀವಾದ್ರೂ ಕೇಳಬಹುದಿತ್ತು."

"ಕೇಳಬಹುದಿತ್ತು."

ಅಷ್ಟರಲ್ಲಿ ಯಂತ್ರ ಕೂಗಿತು. ಬಟ್ಟೆ ತೆಗೆದು ಮಡಿಸಿದೆವು. ಶಾಲಿನ ಎರಡು ತುದಿ ಅವರು, ಎರಡು ತುದಿ ನಾನು. ಹತ್ತಿರ ಬಂದು ತುದಿ ಕೊಡುವಾಗ, "ಆದರೂ ಒತ್ತಿದ್ದು ನೀನೇ" ಎಂದರು ಮೆಲ್ಲಗೆ.

ಇಪ್ಪತ್ತೆರಡು ವರ್ಷ ಹೊತ್ತ ಒಂದು ದೂರು. ಅದರ ತೂಕ ಎಷ್ಟಿತ್ತೆಂದು ಈಗ ಗೊತ್ತಾಗುತ್ತಿಲ್ಲ. ನಾನು ಒತ್ತಿರಲಿಕ್ಕಿಲ್ಲ. ಒತ್ತಿರಲಾರೆ.

ಒಪ್ಪಿಗೆ ಕಳಿಸಿದ ವಿಷಯ ಇವರಿಗೆ ಇನ್ನೂ ಗೊತ್ತಿಲ್ಲ. ಬಟ್ಟೆ ಮಡಿಸುವಾಗಲೇ ಹೇಳಿಬಿಡಬಹುದಿತ್ತು. ಆದರೆ ಸಮುದ್ರದ ಎದುರು ಹೇಳಬೇಕಾದ ಮಾತನ್ನು ವಾಷಿಂಗ್ ಮೆಷೀನಿನ ಎದುರು ಹೇಗೆ ಹೇಳುವುದು? ಮಾತನ್ನು ಸಿದ್ಧ ಮಾಡಿಕೊಂಡಿದ್ದೇನೆ. 'ಅಲೆ ದಡಕ್ಕೆ ಬರುವುದು ಉಳಿಯುವುದಕ್ಕಲ್ಲ' ಎಂದು ಶುರು. ಈಗ ಓದಿಕೊಂಡರೆ ಸ್ವಲ್ಪ ಕ್ಯಾಲೆಂಡರಿನ ಸಾಲಿನ ಹಾಗಿದೆ.


ಸೆಪ್ಟೆಂಬರ್ 18, ಗುರುವಾರ

ಬೆಳಿಗ್ಗೆ ಎಂಟಕ್ಕೇ ಹೊರಟೆವು. ಉಳಿದಿದ್ದು ನೂರ ಐವತ್ತು. ಇವರು ನಕ್ಷೆ ತೊಡೆಯ ಮೇಲೆ ಹರಡಿಕೊಂಡು ದಾರಿ ಹೇಳಲಿಲ್ಲ, ಬರಿದೇ ನೋಡಿದರು. ಕಾಲು ಚಾಪೆಯ ಕಡೆ ಹೋಗುವುದೂ ಕಡಿಮೆಯಾಗಿತ್ತು. ಒಂದೆರಡು ತಿರುವಿನಲ್ಲಿ ಮಂಡಿ ಅಲುಗಿ ಅಲ್ಲೇ ನಿಂತಿತು. ಹನ್ನೊಂದರ ಹೊತ್ತಿಗೆ ರಸ್ತೆ ಇಳಿಜಾರಾಯಿತು. ಗಾಳಿಯಲ್ಲಿ ಉಪ್ಪು ಇತ್ತು.

ಇನ್ನು ಹತ್ತು ಕಿಲೋಮೀಟರ್ ಕಾಯಬಹುದಿತ್ತು. ಕಾಯಲಿಲ್ಲ.

"ರೀ, ಒಂದು ವಿಷಯ ಹೇಳ್ಬೇಕು."

"ಮೊದಲು ಕನ್ನಡಿ ನೋಡು."

ನೋಡಿದೆ. "ಖಾಲಿ."

"ಹಾಗಿದ್ರೆ ಹೇಳು."

ಅಲೆಯೂ ಬರಲಿಲ್ಲ, ದಡವೂ ಬರಲಿಲ್ಲ. "ನಂಗೊಂದು ಕೆಲಸ ಸಿಕ್ಕಿದೆ. ಎರಡು ವರ್ಷ. ಅಲ್ಲೇ ಇರ್ಬೇಕು, ಹನ್ನೊಂದು ಗಂಟೆ ದಾರಿ. ಹಳೇ ಪದ್ಯ ಹುಡುಕೋ ಕೆಲಸ. ಬರೋ ತಿಂಗಳು ಸೇರ್ಬೇಕು. ಹೂಂ ಅಂತ ಕಳಿಸಿಬಿಟ್ಟೆ."

"ಯಾವಾಗ ಕಳಿಸಿದೆ?"

"ಮೊನ್ನೆ. ನೀವು ಗಾಳಿ ಹಾಕ್ತಿದ್ರಲ್ಲ, ಆಗ."

"ಮುಂದಿನ ಟೈರಿಗೋ, ಹಿಂದಿನದಕ್ಕೋ?"

"ಹಿಂದಿನದಕ್ಕೆ."

ಅದರಿಂದ ಏನೋ ವ್ಯತ್ಯಾಸವಾಗುತ್ತದೆ ಎಂಬಂತೆ ಯೋಚಿಸಿದರು. ಒಂದು ತಿರುವು ಬಂತು, ದಾಟಿದೆ. ಇನ್ನೊಂದು ಬಂತು.

"ಬೋರ್ಡ್ ಕ್ಲಾಸು?" ಎಂದರು.

"ನೀವೇ ತಗೋಬೇಕು."

"ನಂಗೆ ಎಲ್ಲ ಬೋರ್ಡೂ ಬರಲ್ಲ."

"ಇಪ್ಪತ್ತಾರು ವರ್ಷ ಶಾಲೆ ನಡೆಸಿದೋರು!"

"ನೀನಿದ್ಯಲ್ಲ ಅಂತ ನಾನು ನೋಡ್ಲೇ ಇಲ್ಲ."

ಬೇಡ ಎಂದರೆ ಏನು ಹೇಳಬೇಕೆಂದು ಆರು ವಾಕ್ಯ ಸಿದ್ಧವಿತ್ತು. ಒಂದೂ ಇಲ್ಲಿಗೆ ಹೊಂದುತ್ತಿರಲಿಲ್ಲ.

"ಬೇಡ ಅಂತೀರಾ?" ಎಂದು ನಾನೇ ಕೇಳಿದೆ.

"ನಾನ್ಯಾಕೆ ಬೇಡ ಅನ್ಲಿ? ಹೋಗು. ಒಳ್ಳೇದೇ. ಹೋಗು ಹೋಗು."

ದನಿ ಸರಿಯಾಗಿತ್ತು. ಕಣ್ಣಂಚಿನಿಂದ ಕೆಳಗೆ ನೋಡಿದೆ. ಎರಡು ಕಾಲೂ ಚಾಪೆಯ ಮೇಲಿದ್ದವು, ಎಡಗಾಲು ಕ್ಲಚ್ಚಿನ ಜಾಗದಲ್ಲಿ, ಬಲಗಾಲು ಬ್ರೇಕಿನ ಜಾಗದಲ್ಲಿ. ಸೀಟಿನಿಂದ ಮೇಲೇಳುವಷ್ಟು ಬಲವಾಗಿ ಒತ್ತುತ್ತಿದ್ದರು. ಬಾಯಿ ಹೋಗು ಎನ್ನುತ್ತಲೇ ಇತ್ತು.

ಕಾರು ನಿಲ್ಲಲಿಲ್ಲ. ಆ ಕಡೆ ಪೆಡಲ್ ಇಲ್ಲವಲ್ಲ.

ಸಮುದ್ರ ಯಾವ ಕ್ಷಣದಲ್ಲಿ ಕಂಡಿತೋ ನಾನು ನೋಡಲಿಲ್ಲ. ಎದುರಿಗೆ ಒಂದು ಲಾರಿ ಬರುತ್ತಿತ್ತು.


ಸೆಪ್ಟೆಂಬರ್ 19, ಶುಕ್ರವಾರ

ಸಮುದ್ರ ಚೆನ್ನಾಗಿದೆ. ದೊಡ್ಡದಾಗಿದೆ.

ಬೆಳಿಗ್ಗೆ ದಂಡೆಯ ಮೋಟುಗೋಡೆಯ ಮೇಲೆ ಕೂತಿದ್ದೆವು. ಕೆಳಗೆ ಮೀನಿನ ಬುಟ್ಟಿಗಳನ್ನು ತೊಳೆಯುತ್ತಿದ್ದರು. ಇವರು ಒಂದು ಹಾಳೆಯಲ್ಲಿ ರಸ್ತೆ ಚಿಹ್ನೆಗಳನ್ನು ಬರೆದು ಒಂದೊಂದರ ಅರ್ಥ ನನಗೆ ಒಪ್ಪಿಸಿದರು. ಮೂವತ್ತರಲ್ಲಿ ಒಂಬತ್ತು ತಪ್ಪು. ಮೂವತ್ತೂ ಸರಿಯಾಗುವ ತನಕ ಊಟಕ್ಕೆ ಏಳುವಂತಿಲ್ಲ ಎಂದೆ. "ನಿನ್ನ ಕ್ಲಾಸಲ್ಲಿ ಎಲ್ರಿಗೂ ಹಿಂಗೇನಾ?" ಎಂದರು. ಎಲ್ಲರಿಗೂ ಹೀಗೇ ಎಂದೆ.

ಆಮೇಲೆ ಇದ್ದಕ್ಕಿದ್ದಂತೆ: "ಮುಂಚೆ ಯಾವತ್ತೂ ಇಂಥ ಕೆಲಸ ಬಂದಿರ್ಲಿಲ್ವಾ ನಿಂಗೆ?"

"ಒಂದು ಸಲ ಬಂದಿತ್ತು. ಹನ್ನೆರಡು ವರ್ಷ ಆಯ್ತು."

"ಮತ್ತೆ?"

"ನೀವು ಬೇಡ ಅಂದ್ರಿ."

"ನಾನಾ? ನಂಗೆ ನೆನಪೇ ಇಲ್ವಲ್ಲ. ಏನಂದೆ?"

ಬುಟ್ಟಿ ತೊಳೆಯುವವರನ್ನು ಸ್ವಲ್ಪ ಹೊತ್ತು ನೋಡಿದೆ. "ಬಿಡಿ, ಈಗ ಯಾಕೆ" ಎಂದೆ. "ಹೇಳು ಹೇಳು, ತಪ್ಪಾಗಿದ್ರೆ ತಪ್ಪಾಯ್ತು ಅಂತೀನಿ" ಎಂದರು. ಹೇಳಲಿಲ್ಲ. ತಪ್ಪಾಯಿತು ಎಂದು ಅವರು ಹೇಳಿಯೇ ಬಿಟ್ಟರು. ನಾನು ಸ್ವೀಕರಿಸಿದೆ. ಬೇರೆ ದಾರಿ ಇರಲಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಾಯಿತು ಎಂದೆ. "ಸಮುದ್ರ ಏನಂತು?" ಎಂದಳು. ಅದನ್ನು ಕೇಳಲು ಮರೆತೆ ಎಂದೆ. ಕವಿತೆಯ ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ, ಸೀಟಿನ ಕೆಳಗೆ ಜಾರಿರಬೇಕು. ಹಿಂದಿರುಗುವಾಗ ಹುಡುಕಬೇಕು. ಹಿಂದಿರುಗುವಾಗಲೂ ನಾನೇ ಓಡಿಸುವುದು. ಈ ಬಗ್ಗೆ ಮಾತೇನೂ ನಡೆಯಲಿಲ್ಲ, ಬೀಗದ ಕೈ ನನ್ನ ಚೀಲದಲ್ಲಿದೆ.

ಮಧ್ಯಾಹ್ನ ಕೋಣೆಗೆ ಬರುವಾಗ ಕೇಳಿದರು: "ಅಲ್ಲಿಗೆ ಹೇಗೆ ಹೋಗ್ತೀಯ? ಹನ್ನೊಂದು ಗಂಟೆ ಬಸ್ಸಲ್ಲಾ?"

"ಓಡಿಸ್ಕೊಂಡು ಹೋಗ್ತೀನಿ."

"ಯಾವ ಕಾರು?"

ನಾನು ಯೋಚಿಸಿರಲಿಲ್ಲ. ನಮ್ಮ ಹತ್ತಿರ ಇರುವುದು ಶಾಲೆಯ ಕಾರುಗಳೇ. ಹೊಸದು ಪಾಠಕ್ಕೆ ಬೇಕು. ಉಳಿದಿದ್ದು ಹಳೆಯದು, ಟ್ಯಾಂಕರಿನ ಹಿಂದೆ ನಿಂತದ್ದು.

"ಅದನ್ನೇ ತಗೊಂಡು ಹೋಗು. ಇಂಜಿನ್ ಗಟ್ಟಿಯಾಗಿದೆ" ಎಂದರು. ಹತ್ತು ಹೆಜ್ಜೆ ನಡೆದು, "ಊರಿಗೆ ಹೋದ ತಕ್ಷಣ ಆ ಕಡೆ ಬ್ರೇಕ್ ಬಿಚ್ಚಿಸಿ ಕೊಡ್ತೀನಿ. ಅರ್ಧ ಗಂಟೆ ಕೆಲಸ. ತಂತಿ ಕತ್ತರಿಸಿದ್ರೆ ಆಯ್ತು."

"ಇರ್ಲಿ ಬಿಡಿ" ಎಂದೆ.

"ಯಾಕೆ? ನೀನೊಬ್ಳೇ ತಾನೇ ಹೋಗೋದು?"

"ಇರ್ಲಿ ಅಂದೆನಲ್ಲ."

ಯಾಕೆ ಹಾಗೆಂದೆನೋ. ಖಾಲಿ ಸೀಟಿನ ಮುಂದೆ ಬ್ರೇಕ್ ಇಟ್ಟುಕೊಂಡು ಹನ್ನೊಂದು ಗಂಟೆ ಓಡಿಸುವುದರಲ್ಲಿ ಯಾವ ಅರ್ಥವೂ ಇಲ್ಲ. ಆ ಜಾಗದಲ್ಲಿ ಪುಸ್ತಕದ ಚೀಲ ಇಡಬಹುದಿತ್ತು.